ವಾಲಿಯ ಪ್ರಶ್ನೆ ಕೇಳಲು ಉಡುಪಿಗೆ

ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್. ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಎರಡೂ ಕೆಂಪಾಗಿ ತುಂಬಿ ಹರಿಯುತ್ತಿದ್ದವು. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಇಲ್ಲಿ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಕಾಲ. ನಾನು ಹೊರಟದ್ದೂ ಅದಕ್ಕೇ.

ರಥಬೀದಿಯ ಹತ್ತಿರದ ಸಭಾಭವನದಲ್ಲಿ ವಾಲಿ ಮೋಕ್ಷ ಪ್ರಸಂಗ. ವೇಷವಿಲ್ಲ, ಕುಣಿತವಿಲ್ಲ, ಪಾತ್ರಗಳ ಮಾತನ್ನಾಡುವ ಅರ್ಥಧಾರಿಗಳು ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರಾಗಿ ಕುಳಿತಿದ್ದರು. ಭಾಗವತರು ಹಾಡುವ ಪದ್ಯವಷ್ಟೇ ಮೊದಲೇ ಬರೆದಿಟ್ಟದ್ದು. ಆಮೇಲಿನ ಮಾತನ್ನು ಅರ್ಥಧಾರಿ ಅಲ್ಲೇ ಕಟ್ಟಬೇಕು, ಎದುರಾಳಿ ಎತ್ತ ಎಳೆದರೂ ಉತ್ತರಿಸಬೇಕು. ಬಾಣ ತಾಗಿದ ವಾಲಿ ಅಂಗೈ ಎತ್ತಿ ರಾಮನನ್ನು ಅರ್ಧ ಮಾತಿನಲ್ಲೇ ತಡೆದ: "ಸೀತೆಯನ್ನು ತರಬೇಕಾಗಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ?" ದೇವರೆಂದು ಪೂಜಿಸುವವನನ್ನು ಕಟಕಟೆಗೆ ತಂದು ನಿಲ್ಲಿಸುವ ಈ ಸಲುಗೆಯನ್ನು ಸಂಪ್ರದಾಯವೇ ಕೊಟ್ಟಿದೆ. ಕರಾವಳಿಯ ಬಗ್ಗೆ ನನಗಿರುವ ಗೌರವಕ್ಕೆ ದೊಡ್ಡ ಕಾರಣ ಇದೇ.

ಪಕ್ಕದಲ್ಲಿ ಅಜ್ಜನೊಂದಿಗೆ ಬಂದಿದ್ದ ಹುಡುಗನೊಬ್ಬ ಪ್ರತಿ ಮಾತಿಗೂ ತುಟಿ ಅಲ್ಲಾಡಿಸುತ್ತಿದ್ದ. "ಮನೆಯಲ್ಲಿ ನಾವು ಮಾತನಾಡುವುದು ತುಳು. ಇವನ ಈ ಕನ್ನಡವೆಲ್ಲ ಯಕ್ಷಗಾನದ್ದು," ಎಂದರು ಅಜ್ಜ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ (1896–1934) ಹೇಳಿದ್ದು ನೆನಪಾಯಿತು: ಮಗುವಿನ ಯೋಚನೆ ಮೊದಲು ಜನರ ನಡುವಿನ ಮಾತಾಗಿರುತ್ತದೆ, ಬಳಿಕ ಒಳಮಾತಾಗಿ ಮನಸ್ಸಿಗೆ ಇಳಿಯುತ್ತದೆ. ಆ ಇಳಿಯುವಿಕೆ ಹುಡುಗನ ತುಟಿಯಲ್ಲೇ ಕಾಣುತ್ತಿತ್ತು. ಆದರೆ ಇಳಿದದ್ದು ಒಳಗೇ ಉಳಿಯುವುದಿಲ್ಲ, ಹೊಸ ಮಾತಾಗಿ ಮತ್ತೆ ಜನರ ನಡುವೆ ಬರುತ್ತದೆ. ಒಬ್ಬ ಅರ್ಥಧಾರಿಗೆ ಹೊಳೆದ ವಾದ ಸಭೆಗೆ ಹಿಡಿಸಿದರೆ, ನಾಳೆ ಇನ್ನೊಂದು ಊರಿನ ವಾಲಿ ಅದನ್ನೇ ಎತ್ತುತ್ತಾನೆ. ಕೆಲವು ವರ್ಷಗಳಲ್ಲಿ ಅದು ಪ್ರಸಂಗದ್ದೇ ಮಾತೆಂಬಂತೆ ನಿಲ್ಲುತ್ತದೆ.

ಮಂಗಳ ಹಾಡಿ ಮುಗಿದ ಮೇಲೆ ಮಳೆ ನಿಲ್ಲಲೆಂದು ಜಗಲಿಯಲ್ಲಿ ನಿಂತೆವು. "ನೀನು ರಾಮನಾಗಿದ್ದರೆ ಏನು ಹೇಳುತ್ತಿದ್ದೆ?" ಎಂದು ಅಜ್ಜ ಕೆಣಕಿದರು. ಹುಡುಗ ಥೇಟ್ ವಾಲಿಯ ಹಾಗೆಯೇ ಅಂಗೈ ಎತ್ತಿ, ಅರ್ಧ ತುಳು, ಅರ್ಧ ಯಕ್ಷಗಾನದ ಕನ್ನಡದಲ್ಲಿ ಶುರು ಮಾಡಿದ. ಅಣ್ಣ ಬಿಲದಲ್ಲಿ ಸತ್ತನೆಂದೇ ಸುಗ್ರೀವ ನಂಬಿದ್ದನಂತೆ. "ನನ್ನನ್ನು ಕೇಳಬಹುದಿತ್ತು ಎನ್ನುವ ವಾಲಿ, ಓಡಿಸುವ ಮೊದಲು ತಮ್ಮನನ್ನು ಕೇಳಿದ್ದನೇ?"

ವೇದಿಕೆಯ ರಾಮ ಈ ಮಾತು ಆಡಿರಲಿಲ್ಲ. ಅಜ್ಜ ಹುಡುಗನ ಕೈ ಹಿಡಿದು, ಅರ್ಥಧಾರಿಗಳು ಚಹಾ ಕುಡಿಯುತ್ತಿದ್ದಲ್ಲಿಗೆ ಕರೆದುಕೊಂಡು ಹೋದರು.