ಹೆಲ್ಮೆಟ್ ಒಳಗಿನ ಕನ್ನಡ

ದಕ್ಷಿಣ ಆಸ್ಟ್ರೇಲಿಯಾದ ಮರ್ರೀ ಅನ್ನೋ ಊರು ಬಿಟ್ಟು ಬೈಕಿನಲ್ಲಿ ವಿಲಿಯಂ ಕ್ರೀಕ್‌ಗೆ ಬಂದು ಸೇರಿದೆ. ಸುಮಾರು 200 ಕಿಲೋಮೀಟರ್, ಎದುರಿಗೆ ಸಿಕ್ಕಿದ್ದು ನಾಲ್ಕೇ ಗಾಡಿ. ಊಡ್ನಾಡಟ್ಟಾ ಟ್ರ್ಯಾಕ್ ಅನ್ನೋ ಈ ಮಣ್ಣು ರಸ್ತೆಯಲ್ಲಿ ಮರಳಿಗಿಂತ ಜಾಸ್ತಿ ಕಾಡೋದು ಅಲೆ ಅಲೆಯಾಗಿ ಎದ್ದ ಮಣ್ಣು, ತಗಡಿನ ಶೀಟ್ ಮೇಲೆ ಬೈಕ್ ಓಡಿಸಿದ ಹಾಗೆ. ಟೈರ್ ಗಾಳಿ ಸ್ವಲ್ಪ ಇಳಿಸಿದ ಮೇಲೆ ಕೈ ನಡುಕ ಕಡಿಮೆಯಾಯಿತು. ಅಷ್ಟರಲ್ಲಿ ನಂಬರ್ ಪ್ಲೇಟಿನ ಒಂದು ಬೋಲ್ಟ್ ಎಲ್ಲೋ ಉದುರಿತ್ತು. ಬ್ಯಾಗಿನಲ್ಲಿದ್ದ ಚಕ್ಕುಲಿ ಪೂರ್ತಿ ಪುಡಿ. ಅದನ್ನೇ ಚಮಚದಲ್ಲಿ ತಿಂದೆ, ನೊಣ ಓಡಿಸುತ್ತಾ.

ದಾರಿಯುದ್ದಕ್ಕೂ ಹಳೆಯ ಘಾನ್ ರೈಲಿನ ಗುರುತುಗಳು. 1980ರಲ್ಲಿ ನಿಂತುಹೋದ ಲೈನು. ಒಂದು ಕಡೆ ಕಾಟಿ ತಂಡಾ, ಅಂದರೆ ಲೇಕ್ ಐರ್. ಬರೀ ಉಪ್ಪು, ಕಣ್ಣು ಚುಚ್ಚುವಷ್ಟು ಬಿಳಿ. ಅಲ್ಲಿ ಎಂಜಿನ್ ಆಫ್ ಮಾಡಿದೆ. ಸೈಲೆನ್ಸರ್ ತಣ್ಣಗಾಗುವ ಟಿಕ್ ಟಿಕ್ ಬಿಟ್ಟರೆ ಏನೂ ಕೇಳಲಿಲ್ಲ.

ಆಗ ಹೊಳೆಯಿತು, ಬೆಳಗ್ಗೆಯಿಂದ ಹೆಲ್ಮೆಟ್ ಒಳಗೆ ಬೈಕ್ ಜೊತೆ ಮಾತಾಡುತ್ತಲೇ ಇದ್ದೆ. "ಬಾರಪ್ಪ, ಇನ್ನೊಂಚೂರು" ಅಂತ. ಅಡಿಲೇಡ್‌ನಲ್ಲಿ ಆಫೀಸು, ಅಂಗಡಿ ಎಲ್ಲಾ ಇಂಗ್ಲಿಷೇ. ಇಡೀ ದಿನ ಕನ್ನಡ ಮಾತಾಡಿ ಎಷ್ಟು ಕಾಲವಾಗಿತ್ತೋ! ಕೇಳೋರು ಯಾರೂ ಇರಲಿಲ್ಲ ಅಷ್ಟೇ.

ನಾಳೆ ಊಡ್ನಾಡಟ್ಟಾ. ಮೊದಲು ಆ ಬೋಲ್ಟ್‌ಗೆ ಒಂದು ತಂತಿ ಹುಡುಕಬೇಕು.