ಮುದ್ದೆ ಬರದ ಗಂಡಸು, ನಾಚುವ ಹೆಂಗಸು

ನಮ್ಮಣ್ಣನಿಗೆ ಮುದ್ದೆ ಮಾಡುವುದು ಚೆನ್ನಾಗಿ ಬರುತ್ತದೆ. ಒಂದು ಗಂಟೂ ಇರುವುದಿಲ್ಲ. ಎಸರು ಎಷ್ಟಿಡಬೇಕು, ಹಿಟ್ಟು ಎಷ್ಟು ಹೊತ್ತು ಬೇಯಬೇಕು, ಕೋಲು ಯಾವಾಗ ಹಾಕಬೇಕು ಅಂತ ಯಾರನ್ನೂ ಕೇಳುವುದಿಲ್ಲ. ಅತ್ತಿಗೆ ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಊರಿನವರ ಬಾಯಲ್ಲಿ ಡೈರಿ ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆಯಬೇಕು, ಸಂಜೆ ಮತ್ತೆ ಹೋಗಬೇಕು. ಮಳೆ, ಹಬ್ಬ, ಜ್ವರ ಯಾವುದಕ್ಕೂ ರಜೆ ಇಲ್ಲ. ಹಾಗಾಗಿ ಮನೆಯಲ್ಲಿ ಸಂಜೆ ಒಲೆ ಹಚ್ಚುವವನು ಅಣ್ಣ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಇದನ್ನು ಈಗ ಯಾರೂ ದೊಡ್ಡದು ಮಾಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದಿಬ್ಬರು ಆಡಿಕೊಂಡಿದ್ದರಂತೆ. ಈಗ ಅವರ ಮನೆ ಹಾಲಿನ ಬಟವಾಡೆಯ ಲೆಕ್ಕವನ್ನೂ ಅತ್ತಿಗೆಯೇ ನೋಡುವುದು.

ಇಂಥ ಗಂಡ ಹೆಂಡತಿ ಟಿವಿಯ ಒಂದು ರಿಯಾಲಿಟಿ ಶೋಗೆ ಹೋದರು. ಜೊತೆಗೆ ನಾನೂ ಹೋದೆ. ಚಾನೆಲ್ ಹೆಸರು ಬೇಡ. ಇದು ಒಂದು ಚಾನೆಲ್‌ನ ವಿಷಯ ಅಲ್ಲ.

ಅತ್ತಿಗೆಗೆ ಆ ಶೋ ಅಂದರೆ ಬಹಳ ಇಷ್ಟ. ದಂಪತಿಗಳನ್ನು ಕರೆದು ಆಟ ಆಡಿಸಿ, ಮಾತಾಡಿಸಿ, ಬಹುಮಾನ ಕೊಡುತ್ತಾರೆ. ಪರದೆ ಮೇಲೆ ಬಂದ ನಂಬರಿಗೆ ಅವರೇ ಫೋಟೊ ಕಳಿಸಿದ್ದರು. ಸ್ವಲ್ಪ ದಿನ ಬಿಟ್ಟು ಒಬ್ಬ ಹುಡುಗಿ ಫೋನ್ ಮಾಡಿದಳು. ನಾನು ಅವತ್ತು ಊರಲ್ಲೇ ಇದ್ದೆ. ಸ್ಪೀಕರ್ ಹಾಕಿಕೊಂಡು ಕೂತಿದ್ದರಿಂದ ಎಲ್ಲ ಕೇಳಿಸಿತು. ಅತ್ತಿಗೆಗೆ ಕೇಳಿದ್ದು ಇವು: ಅತ್ತೆ ಜೊತೆ ಜಗಳ ಆಗಿದೆಯಾ? ಗಂಡ ಬೈದು ನೀವು ಅತ್ತಿದ್ದು ಯಾವಾಗ? ತವರು ಮನೆಯಲ್ಲಿ ಕಷ್ಟ ಇತ್ತಾ? ಅತ್ತಿಗೆ ಉತ್ಸಾಹದಿಂದ ಡೈರಿಯ ಕತೆ ತೆಗೆದರು. ಊರಿನ ದೊಡ್ಡ ಮನುಷ್ಯರೊಬ್ಬರು ನೀರು ಬೆರೆಸಿದ ಹಾಲು ತಂದದ್ದು, ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್‌ನಲ್ಲಿ ಡಿಗ್ರಿ ಬರಲಿಲ್ಲ ಅಂತ ಅತ್ತಿಗೆ ಎಲ್ಲರ ಎದುರು ಅದನ್ನು ವಾಪಸ್ ಕಳಿಸಿದ್ದು, ಆಮೇಲೆ ಆದ ಗಲಾಟೆ. ಹುಡುಗಿ ಮಧ್ಯದಲ್ಲೇ ತಡೆದಳು. "ಅದು ಬೇಡ ಮೇಡಂ, ಮನೆ ವಿಷಯ ಏನಾದ್ರೂ ಹೇಳಿ." ಅಣ್ಣನಿಗೆ ಕೇಳಿದ್ದು ಒಂದೇ: ಹೆಂಡತಿ ಮಾಡೋ ಅಡುಗೆಯಲ್ಲಿ ಯಾವುದು ಇಷ್ಟ ಸಾರ್?

ಶೂಟಿಂಗ್ ಬೆಂಗಳೂರಿನ ಹೊರವಲಯದ ಒಂದು ಸ್ಟುಡಿಯೋದಲ್ಲಿ. ಅತ್ತಿಗೆ ಹಿಂದಿನ ಸಂಜೆಯ ಹಾಲು ಮುಗಿಸಿಕೊಂಡು ಬಸ್ ಹತ್ತಿದ್ದರು. ಬೆಳಗಿನ ಹಾಲನ್ನು ಟೆಸ್ಟರ್ ಹುಡುಗಿಗೆ ಒಪ್ಪಿಸಿದ್ದರು. ಮೇಕಪ್ ಕೋಣೆಯಲ್ಲಿ ಕೂತುಕೊಂಡೇ ಫೋನ್ ಮಾಡಿ, ಎಷ್ಟು ಲೀಟರ್ ಬಂತು, ಫ್ಯಾಟ್ ಎಷ್ಟು ಬಂತು, ಗಾಡಿ ಹೋಯ್ತಾ ಅಂತ ವಿಚಾರಿಸಿದರು. ಪಕ್ಕದಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಹುಡುಗ, "ಮೇಡಂ ಬಾಯಿ ಅಲ್ಲಾಡಿಸಬೇಡಿ" ಅಂದ.

ಅಲ್ಲೇ ಒಂದು ಸಣ್ಣ ಘಟನೆ ನಡೆಯಿತು. ಅತ್ತಿಗೆ ಯಾವಾಗಲೂ ಎಡಗೈಗೆ ವಾಚ್ ಕಟ್ಟುತ್ತಾರೆ. ದೊಡ್ಡ ಡಯಲ್‌ನ, ಚರ್ಮದ ಪಟ್ಟಿಯ ಗಂಡಸರ ವಾಚ್. ಕಾಸ್ಟ್ಯೂಮ್ ನೋಡಿಕೊಳ್ಳುವವಳು ಬಂದು ಅದನ್ನು ಬಿಚ್ಚಿಸಿದಳು. "ವಾಚ್ ಬೇಡ ಮೇಡಂ, ಹೋಮ್ಲಿ ಲುಕ್ ಬೇಕು." ಕೈತುಂಬ ಗಾಜಿನ ಬಳೆ ಬಂತು. ಮುಡಿಗೆ ಎರಡು ಮೊಳ ಮಲ್ಲಿಗೆ ಜಾಸ್ತಿ ಬಂತು. ಅತ್ತಿಗೆ ತಂದಿದ್ದ ತಿಳಿಬಣ್ಣದ ಸೀರೆ ಹೋಗಿ ಜರಿಯ ಸೀರೆ ಬಂತು. ವಾಚ್ ನನ್ನ ಬ್ಯಾಗಿಗೆ ಬಂತು. ಅತ್ತಿಗೆಗೆ ಬಳೆ ಇಷ್ಟವೇ. ಹಬ್ಬಕ್ಕೆ ತಾವೇ ಕೊಂಡು ತೊಡುತ್ತಾರೆ. ಆದರೆ ಬಳೆ ತೊಡಲು ವಾಚ್ ಯಾಕೆ ಬಿಚ್ಚಬೇಕು ಅನ್ನುವುದು ನನಗೆ ಅರ್ಥವಾಗಲಿಲ್ಲ. ವಾಚ್ ಕಟ್ಟಿದ ಹೆಂಗಸು ಮನೆಯವಳಲ್ಲವಾ?

ಟಿವಿಗೂ ಬಳೆಗೂ ಹಳೇ ನಂಟು. ಬಿಗ್ ಬಾಸ್ ಕನ್ನಡದ 10ನೇ ಸೀಸನ್‌ನಲ್ಲಿ ಒಬ್ಬ ಗಂಡು ಸ್ಪರ್ಧಿ ಇನ್ನೊಬ್ಬನನ್ನು ಹೀಯಾಳಿಸಲು ಬಳೆಯ ಮಾತು ತೆಗೆದಿದ್ದು ಹಲವರಿಗೆ ನೆನಪಿರಬಹುದು. ವಾರಾಂತ್ಯದಲ್ಲಿ ಸುದೀಪ್ ಅದನ್ನು ಬಿಡದೆ ಹಿಡಿದು, ಎಲ್ಲರೆದುರು ಮಾತಾಡಿದರು. ಅವತ್ತು ಮನೆಯಲ್ಲಿ ಅತ್ತಿಗೆ ಚಪ್ಪಾಳೆ ಹೊಡೆದಿದ್ದರು. ನನಗೂ ಖುಷಿಯಾಗಿತ್ತು. ಆದರೆ ಆಡಿದ ಮಾತನ್ನು ಹಿಡಿದು ಕೇಳಬಹುದು, ತಪ್ಪು ಅನ್ನಬಹುದು. ಯಾರೂ ಏನೂ ಕೆಟ್ಟದ್ದು ಆಡದೆ, ನಗುನಗುತ್ತಾ ವಾಚ್ ಬಿಚ್ಚಿಸಿ ಬಳೆ ತೊಡಿಸಿದರೆ ಯಾರನ್ನು ಕೇಳುವುದು?

ಸೆಟ್ಟಿನೊಳಗೆ ಹೋದ ಮೇಲೆ ಮೊದಲು ನಡೆದದ್ದು ನಮ್ಮ ಶೂಟಿಂಗ್, ಅಂದರೆ ಪ್ರೇಕ್ಷಕರದ್ದು. ವೇದಿಕೆ ಮೇಲೆ ಯಾರೂ ಇರಲಿಲ್ಲ. ಫ್ಲೋರ್ ಮ್ಯಾನೇಜರ್ ಹೇಳಿದಂತೆ ನಕ್ಕೆವು, ಬಾಯಿ ಮೇಲೆ ಕೈ ಇಟ್ಟು ಆಶ್ಚರ್ಯಪಟ್ಟೆವು, ಚಪ್ಪಾಳೆ ಹೊಡೆದೆವು. ಹೆಂಗಸರಿಗೆ ಪ್ರತ್ಯೇಕವಾಗಿ ಕಣ್ಣೊರೆಸಿಕೊಳ್ಳಲು ಹೇಳಿದರು. ಗಂಡಸರಿಗೆ ಹೇಳಲಿಲ್ಲ. ಎಡಿಟಿಂಗ್‌ನಲ್ಲಿ ಆ ನಗು, ಆ ಕಣ್ಣೊರೆಸುವುದು ಎಲ್ಲಿ ಬೇಕೋ ಅಲ್ಲಿ ಸೇರುತ್ತದೆ.

ಆಮೇಲೆ ಮುದ್ದೆಯ ರೌಂಡ್. ನಾಲ್ಕು ಜನ ಗಂಡಂದಿರು, ನಾಲ್ಕು ಗ್ಯಾಸ್ ಒಲೆ. ಹೆಂಡತಿಯರು ದೂರ ನಿಂತು ಬಾಯಲ್ಲಿ ಹೇಳಬೇಕು, ಗಂಡಂದಿರು ಮಾಡಬೇಕು. ಉಳಿದ ಮೂವರು ತಡಬಡಾಯಿಸಿದರು. ಒಬ್ಬರು ತಣ್ಣೀರಿಗೇ ಹಿಟ್ಟು ಸುರಿದರು. ಜನ ನಕ್ಕರು. ಅಣ್ಣ ಮಾತ್ರ ಅತ್ತಿಗೆಯ ಕಡೆ ನೋಡಲೂ ಇಲ್ಲ. ಎಸರು ಮರಳುವ ತನಕ ಕಾದ. ಹಿಟ್ಟು ಹಾಕಿ ಬೇಯಲು ಬಿಟ್ಟ. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬಗ್ಗಿ ಕೋಲಿನಿಂದ ತಿರುವಿದ. ಕೈ ಒದ್ದೆ ಮಾಡಿಕೊಂಡು ತಟ್ಟೆಯ ಮೇಲೆ ಹೊರಳಿಸಿ ಕಟ್ಟಿದ. ನುಣ್ಣಗೆ ಹೊಳೆಯುವ ಮುದ್ದೆ. ಸೆಟ್ಟಿನಲ್ಲಿ ಒಂದು ಕ್ಷಣ ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ನಮಗೆ ನಗಿ ಅಂತ ಸನ್ನೆಯೂ ಬರಲಿಲ್ಲ.

ಕಟ್ ಅಂದರು. ಒಬ್ಬರು ಒಳಗಿಂದ ಬಂದು ಅಣ್ಣನ ಹೆಗಲ ಮೇಲೆ ಕೈ ಹಾಕಿದರು. "ಸಾರ್, ಸೂಪರ್. ಆದ್ರೆ ಇದು ಫನ್ ರೌಂಡು. ಇನ್ನೊಂದ್ಸಲ ತಗೋಳೋಣ. ಸ್ವಲ್ಪ ಬರದೇ ಇರೋರ ಥರ ಮಾಡಿ." ಅತ್ತಿಗೆಗೂ ಹೇಳಿದರು, "ಮೇಡಂ, ನೀವು ಸ್ವಲ್ಪ ಗದರಿಸಿ, ಆಮೇಲೆ ನಾಚ್ಕೊಳಿ." ಅಣ್ಣ ಮರ್ಯಾದಸ್ಥ. ಕರೆದು ಊಟ ಹಾಕಿದವರ ಮಾತು ಮೀರುವುದು ಅವನಿಗೆ ಆಗುವುದಿಲ್ಲ. ಎರಡನೇ ಸಲ ಹಿಟ್ಟನ್ನು ಗಂಟು ಕಟ್ಟಿಸಿದ, ಕೈ ಸುಟ್ಟಂತೆ ಕೊಡವಿದ. ಈಗ ಎಲ್ಲರೂ ಜೋರಾಗಿ ನಕ್ಕರು. ನಾನು ನಗಲಿಲ್ಲ. ದಿನಾ ಮಾಡುವ ಕೆಲಸವನ್ನು ಬೇಕಂತಲೇ ಕೆಡಿಸುವಾಗ ಅವನ ಮುಖ ಹೇಗಿತ್ತು ಅನ್ನುವುದು ನನಗೆ ಕಾಣುತ್ತಿತ್ತು.

ಹೆಣ್ಣನ್ನು ಟಿವಿ ಹೇಗೆ ತೋರಿಸುತ್ತದೆ ಅಂತ ನಾವು ಯಾವಾಗಲೂ ಮಾತಾಡುತ್ತೇವೆ. ಅವತ್ತು ನನಗೆ ಕಂಡದ್ದು, ಅದು ಹೆಣ್ಣೊಬ್ಬಳನ್ನೇ ಹಿಡಿದು ಮಾಡುವ ಕೆಲಸ ಅಲ್ಲ. ಹೆಣ್ಣು ಅಡುಗೆಮನೆಗೆ ಸೇರಿದವಳು ಅಂತ ತೋರಿಸಬೇಕಾದರೆ ಗಂಡಿಗೆ ಒಲೆ ಹಚ್ಚಲೂ ಬರುವುದಿಲ್ಲ ಅಂತ ಮೊದಲು ತೋರಿಸಬೇಕು. ಬರುವವನು ಎದುರಿಗಿದ್ದರೆ, ಬರದವನ ಹಾಗೆ ಆಡಿಸಬೇಕು.

ಇದು ಇವತ್ತು ನಿನ್ನೆಯದಲ್ಲ. 2010ರ ಸುಮಾರಿಗೆ ಸುವರ್ಣದಲ್ಲಿ ಅಕುಲ್ ಬಾಲಾಜಿ ನಡೆಸಿಕೊಟ್ಟ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು' ನಮ್ಮ ಮನೆಯಲ್ಲೂ ಎಲ್ಲರೂ ಕೂತು ನೋಡುತ್ತಿದ್ದೆವು. ಪೇಟೆ ಹುಡುಗಿಯರನ್ನು ಹಳ್ಳಿಗೆ ಕರೆತಂದು ಹಳ್ಳಿಯ ಕೆಲಸಗಳನ್ನು ಮಾಡಿಸುವ ಶೋ. ಹುಡುಗಿಯರು ಅಳುವಾಗ ನಮ್ಮೂರ ಹೆಂಗಸರಿಗೆ ಒಂಥರಾ ಸಮಾಧಾನ, ನಮ್ಮ ಕೆಲಸದ ಕಷ್ಟ ಈಗಲಾದರೂ ಗೊತ್ತಾಯಿತಲ್ಲ ಅಂತ. ಆ ಸಮಾಧಾನ ಸುಳ್ಳಲ್ಲ. ಅದೇ ಚಾನೆಲ್, ಅದೇ ನಿರೂಪಕರ ಇನ್ನೊಂದು ಶೋ 'ಹಳ್ಳಿ ಹೈದ ಪ್ಯಾಟೆಗ್ ಬಂದ'. ಅದರಲ್ಲಿ ಕಾಡಂಚಿನ ಹುಡುಗರು ಪೇಟೆಗೆ ಬಂದು ಪೇಟೆಯ ನಡೆನುಡಿ ಕಲಿತರು. ಹುಡುಗರು ಊರು ಬಿಟ್ಟು ಹೊಸದು ಕಲಿಯಬೇಕು, ಹುಡುಗಿಯರು ಹಟ್ಟಿಗೆ ಬಂದು ಹೆಂಗಸಾಗುವುದನ್ನು ಕಲಿಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಈಗ ಹಾಗೇ ಕಾಣುತ್ತದೆ.

ಬಿಗ್ ಬಾಸ್ ಇನ್ನೂ ದೊಡ್ಡ ಶೋ. 2013ರಲ್ಲಿ ಕನ್ನಡದಲ್ಲಿ ಶುರುವಾಯಿತು. ಮೊದಲ 11 ಸೀಸನ್‌ಗಳಲ್ಲಿ ಗೆದ್ದ ಹೆಂಗಸು ಒಬ್ಬರೇ, 3ನೇ ಸೀಸನ್‌ನ ನಟಿ ಶ್ರುತಿ. ವೋಟು ಹಾಕುವವರು ನಾವೇ. ಮನೆಯೊಳಗೆ ಗಂಡಸು ದನಿ ಎತ್ತಿದರೆ ಖಡಕ್ ಆಡುತ್ತಾನೆ ಅನ್ನುತ್ತೇವೆ, ಹೆಂಗಸು ಎತ್ತಿದರೆ ಜಗಳಗಂಟಿ ಅನ್ನುತ್ತೇವೆ. ಅತ್ತರೆ ಡ್ರಾಮಾ, ಅಳದಿದ್ದರೆ ಸೊಕ್ಕು. ಅತ್ತಿಗೆಯ ಡೈರಿಯಲ್ಲಿ ಹಾಲು ಅಳೆಯಲು ಬರುವ ಹೆಂಗಸರೂ ಇದನ್ನೇ ಮಾತಾಡುತ್ತಾರೆ. ಹೆಣ್ಣುಮಕ್ಕಳೇ ಹೆಣ್ಣುಮಕ್ಕಳಿಗೆ ವೋಟು ಹಾಕುವುದಿಲ್ಲ ಅಂತ ಬೈಯುವುದು ಸುಲಭ. ಆದರೆ ರಾತ್ರಿಯ ಆ ಒಂದೂವರೆ ಗಂಟೆಯ ಸಂಚಿಕೆಗೆ ಇಡೀ ದಿನದಿಂದ ಯಾವುದನ್ನು ಆರಿಸಿ ತೋರಿಸುತ್ತಾರೋ ಅದನ್ನು ನೋಡಿ ತಾನೇ ನಾವು ತೀರ್ಪು ಕೊಡುವುದು?

ಹಾಗಂತ ಟಿವಿಗೆ ಬೇರೆ ಥರ ಮಾಡಲು ಬರುವುದೇ ಇಲ್ಲ ಅಂತಲ್ಲ. ಕಾಮಿಡಿ ಶೋಗಳಲ್ಲಿ ಗಂಡಸು ಸೀರೆ ಉಟ್ಟು ಬಂದರೆ ಸಾಕು, ಮಾತಾಡುವ ಮೊದಲೇ ನಗಬೇಕು ಅನ್ನುವುದು ನಮಗೆ ಅಭ್ಯಾಸವಾಗಿದೆ. ಅದೇ ಟಿವಿಯಲ್ಲಿ, ಬಿಗ್ ಬಾಸ್ 10ರಲ್ಲಿ, ಟ್ರಾನ್ಸ್ ಮಹಿಳೆ ನೀತು ವನಜಾಕ್ಷಿ ಎಲ್ಲರ ಹಾಗೆ ಒಬ್ಬ ಸ್ಪರ್ಧಿಯಾಗಿ ಆ ಮನೆಯಲ್ಲಿ ಇದ್ದರು. ನಮ್ಮಮ್ಮ ಅವರ ಮಾತನ್ನು ಮನಸ್ಸಿಟ್ಟು ಕೇಳುತ್ತಿದ್ದರು.

ಸ್ಟುಡಿಯೋಗೆ ವಾಪಸ್ ಬರುತ್ತೇನೆ. ಊಟ ಆದ ಮೇಲೆ ಎಮೋಷನಲ್ ರೌಂಡ್. ದೀಪ ಕಮ್ಮಿ ಮಾಡಿದರು. ನಿರೂಪಕಿ ಅತ್ತಿಗೆಯ ಕೈ ಹಿಡಿದು ಅವರ ಅಪ್ಪನ ಬಗ್ಗೆ ಕೇಳಿದರು. ಅತ್ತಿಗೆ ಚಿಕ್ಕವರಿದ್ದಾಗಲೇ ಅವರ ಅಪ್ಪ ತೀರಿಕೊಂಡದ್ದು. ಹೇಳುತ್ತಾ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಯಾರೂ ಕೇಳದಿದ್ದರೂ, ಮುಂದಿನದನ್ನೂ ಹೇಳಿದರು. ಅವರಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಒಂದು ಹಸು ಕಟ್ಟಿದ್ದು, ಅದರ ಹಾಲಿನಲ್ಲಿ ಅತ್ತಿಗೆ ಪಿಯುಸಿ ಓದಿದ್ದು, ಲೆಕ್ಕ ಚೆನ್ನಾಗಿ ಬರುತ್ತಿದ್ದರಿಂದ ಡೈರಿಗೆ ಸೇರಿದ್ದು, ಮೊದಲ ಸಂಬಳದಲ್ಲಿ ಆ ವಾಚ್ ತಗೊಂಡದ್ದು. ಬಲಗೈ ಎಡಗೈ ಮೇಲೆ ಹೋಯಿತು, ಬಳೆ ಸದ್ದಾಯಿತು. ಮೈಕಿಗೆ ಸದ್ದು ಬಂತು ಅಂತ ಅಲ್ಲಿಗೆ ನಿಲ್ಲಿಸಿದರು. ಆ ಭಾಗವನ್ನು ಮತ್ತೆ ತೆಗೆಯಲಿಲ್ಲ.

ಫೋನ್ ಮಾಡಿದ್ದ ಹುಡುಗಿ ಅವತ್ತು ಸಂಜೆ ಕಾಫಿ ತಂದುಕೊಟ್ಟಳು. ಜೀನ್ಸ್ ಪ್ಯಾಂಟು, ಕೈಯಲ್ಲಿ ಎರಡು ಫೋನು, ಬೆಳಗಿನ ಜಾವದಿಂದ ಕೂತಿರಲಿಲ್ಲ. ಹಾಸನದ ಕಡೆಯವಳೇ. ಪಿಜಿಯಲ್ಲಿರುತ್ತಾಳೆ, ಅಪ್ಪ ಅಮ್ಮನಿಗೆ ದುಡ್ಡು ಕಳಿಸುತ್ತಾಳೆ. ಮುದ್ದೆಯನ್ನು ಯಾಕೆ ಹಾಗೆ ಮಾಡಿಸಿದಿರಿ ಅಂತ ಕೇಳಿದೆ. ಅವಳು ಮುಚ್ಚುಮರೆ ಮಾಡಲಿಲ್ಲ. "ಅಕ್ಕ, ಗುರುವಾರ ಟಿಆರ್‌ಪಿ ಬರುತ್ತೆ. ನಕ್ಕಿದ್ದು, ಅತ್ತಿದ್ದು ಓಡುತ್ತೆ. ಡೈರಿ, ಲೆಕ್ಕ ಅಂದ್ರೆ ಚಾನೆಲ್ ಬದಲಾಯಿಸ್ತಾರೆ ಅಂತಾರೆ ಮೇಲಿನವರು." ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಹುಡುಗಿಯರನ್ನು ತೋರಿಸುವ ಒಂದು ರೌಂಡೂ ಆ ಶೋದಲ್ಲಿ ಇಲ್ಲ ಅನ್ನುವುದು ಬೇಜಾರು.

ಪ್ರಸಾರದ ದಿನ ಮನೆ ತುಂಬ ಜನ. ಅತ್ತಿಗೆ ತೆರೆಯ ಮೇಲೆ ಬಹಳ ಚೆನ್ನಾಗಿ ಕಂಡರು. ಅವರ ಪರಿಚಯ 'ಗೃಹಿಣಿ' ಅಂತ ಬಂತು. ಅಪ್ಪ ಸತ್ತದ್ದು ಇತ್ತು, ಅತ್ತದ್ದು ಇತ್ತು, ಸಂಗೀತ ಇತ್ತು. ಹಸು ಇರಲಿಲ್ಲ, ಸಾಲ ಇರಲಿಲ್ಲ, ಡೈರಿ ಇರಲಿಲ್ಲ. ಅಳುವಿನ ಹಿಂದೆಯೇ ನಿರೂಪಕಿ, ಇಂಥ ಗಂಡ ಸಿಕ್ಕಿದ್ದು ನಿಮ್ಮ ಪುಣ್ಯ ಅಂದದ್ದನ್ನು ಜೋಡಿಸಿದ್ದರು. ಆ ಮಾತನ್ನು ಅವರು ಆಡಿದ್ದು ಬೇರೆ ಹೊತ್ತಿನಲ್ಲಿ, ಬೇರೆ ವಿಷಯಕ್ಕೆ. ಮನೆಯಲ್ಲಿ ಯಾರ ಮಾತು ನಡೆಯುತ್ತೆ ಅಂದದ್ದಕ್ಕೆ ಅತ್ತಿಗೆ, "ದುಡ್ಡಿನ ವಿಷಯ ನಂದು, ಹೊಲದ ವಿಷಯ ಅವರದು" ಅಂದಿದ್ದರು. ತೆರೆಯ ಮೇಲೆ ಉಳಿದದ್ದು ನಕ್ಕು ಅಣ್ಣನ ಕಡೆ ನೋಡಿದ್ದು ಮಾತ್ರ.

ಊರಿನವರು ಅಣ್ಣನನ್ನು ಒಂದಷ್ಟು ದಿನ ರೇಗಿಸಿದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಒಂದು ರಾತ್ರಿ ಮಾತ್ರ ನನಗೆ ಫೋನ್ ಮಾಡಿ, "ಮೊದಲನೇ ಸಲ ಮಾಡಿದ್ನಲ್ಲ, ಅದರ ವಿಡಿಯೋ ಸಿಗುತ್ತಾ ಕೇಳಿ ನೋಡೇ" ಅಂದ. ಕೇಳಿದೆ. ಸಿಗಲಿಲ್ಲ.

ಅತ್ತಿಗೆಯ ಅನಿಸಿಕೆ ನನ್ನದಕ್ಕಿಂತ ಬೇರೆ. ಅವರಿಗೆ ಆ ದಿನ ನಿಜಕ್ಕೂ ಖುಷಿ ಕೊಟ್ಟಿತ್ತು. ಬಹುಮಾನದ ಮಿಕ್ಸಿ ಬಳಸುತ್ತಾರೆ, ಸೀರೆ ಉಡುತ್ತಾರೆ. ನಾನು ಕೋಪ ಮಾಡಿಕೊಂಡರೆ, "ನಿಂಗೇನ್ ಗೊತ್ತು, ಎಷ್ಟೋ ವರ್ಷಕ್ಕೆ ಒಂದು ದಿನ ಯಾರೋ ಕೂರಿಸಿ ತಲೆ ಬಾಚಿದ್ರು ಕಣೇ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಖುಷಿ ಕೊಡಲು ಡೈರಿಯನ್ನು ಕತ್ತರಿಸಬೇಕಾಗಿರಲಿಲ್ಲ ಅಂತ ಮಾತ್ರ ಈಗಲೂ ಅನಿಸುತ್ತದೆ.

ಸಂಕ್ರಾಂತಿಯ ವಿಶೇಷ ಸಂಚಿಕೆಗೆ ಮತ್ತೆ ಫೋನ್ ಬಂತು. ರಂಗೋಲಿ ಸ್ಪರ್ಧೆ ಇದೆ, ಬನ್ನಿ ಅಂದರು. ಬರುತ್ತೇನೆ ಅಂದರಂತೆ ಅತ್ತಿಗೆ. ಆದರೆ ಹೆಸರಿನ ಕೆಳಗೆ ಕಾರ್ಯದರ್ಶಿ ಅಂತ ಹಾಕಬೇಕು, ಸಂಘದ ಹೆಸರೂ ಬರಬೇಕು, ಜೊತೆಗೆ ನಮ್ಮ ಡೈರಿಯಲ್ಲಿ ಬೆಳಿಗ್ಗೆ ಹಾಲು ಹಾಕುವುದನ್ನು ಒಂದೆರಡು ನಿಮಿಷ ತೆಗೆದುಕೊಂಡು ಹೋಗಿ ತೋರಿಸಿ ಅಂತ ಕೇಳಿದರಂತೆ. ಆ ಹುಡುಗಿ ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಳು. ಎರಡು ದಿನ ಬಿಟ್ಟು ಅವಳೇ ಮೆಸೇಜ್ ಹಾಕಿದಳು, ಈ ಸಲ ಆಗುವುದಿಲ್ಲವಂತೆ ಅಕ್ಕ, ಆದರೆ ನಾನು ಕೇಳಿದೆ ಅಂತ. ಅತ್ತಿಗೆ ಅವಳ ನಂಬರನ್ನು ಹೆಸರು ಹಾಕಿ ಉಳಿಸಿಕೊಂಡಿದ್ದಾರೆ. ಊರಿಗೆ ಬಂದಾಗ ಮನೆಗೆ ಬಾ, ಅಣ್ಣ ಮುದ್ದೆ ಮಾಡಿ ಹಾಕುತ್ತಾರೆ ಅಂತ ಬರೆದಿದ್ದಾರೆ.