ಬಕೆಟ್‌ನಲ್ಲಿ ಉಳಿದ ಚಿಪ್ಪು

ಗೆಳೆಯನೊಬ್ಬ ಆರು ಮಲ್ಟಿ ಮೀನು ಕೇಳಿದ್ದ. ಭಾನುವಾರ ಬೆಳಿಗ್ಗೆ ಬಲೆ ಹಿಡಿದು ಅಕ್ವೇರಿಯಂ ಮುಂದೆ ಕೂತೆ. ಬಲೆ ನೀರಿಗೆ ಇಳಿಯುವ ಮೊದಲೇ ಅಷ್ಟೂ ಮೀನು ಮಾಯ. ಎಲ್ಲವೂ ಚಿಪ್ಪಿನೊಳಗೆ.

ಇವುಗಳ ಪೂರ್ತಿ ಹೆಸರು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್. ಹೆಸರು ಮೀನಿಗಿಂತ ಉದ್ದ. ಗಂಡು ಹೆಚ್ಚೆಂದರೆ 5 ಸೆಂ.ಮೀ., ಹೆಣ್ಣು 3ರ ಹತ್ತಿರ. ಆಫ್ರಿಕಾದ ಟ್ಯಾಂಗನಿಕಾ ಸರೋವರದ ತಳದಲ್ಲಿ ಸತ್ತ ಬಸವನಹುಳುಗಳ ಚಿಪ್ಪು ರಾಶಿ ಬಿದ್ದಿರುವ ಕಡೆ ಇವುಗಳ ಸಂಸಾರ. ಅಡಗುವುದು, ಮೊಟ್ಟೆ ಇಡುವುದು ಎಲ್ಲ ಅದರೊಳಗೇ. ಅಲ್ಲಿನ ನೀರು ಗಡಸು, ಪಿಎಚ್ 9ರ ಹತ್ತಿರ. ಬೆಂಗಳೂರಿನ ನಮ್ಮ ಬೋರ್‌ವೆಲ್ ನೀರೂ ಗಡಸೇ. ನಲ್ಲಿಗೆ ಬಿಳಿ ಕಲೆ ಹಚ್ಚಿ, ಗೀಸರ್ ಕೆಡಿಸಿದ ನೀರು. ನಿಯಾನ್ ಟೆಟ್ರಾ ಮೀನುಗಳು ಅದಕ್ಕೆ ಒಗ್ಗದೆ ಒಂದೊಂದಾಗಿ ಹೋದವು. ಮಲ್ಟಿಗಳಿಗೆ ಮಾತ್ರ ತವರಿಗೆ ಬಂದ ಹಾಗಾಯ್ತು.

ಚಿಪ್ಪುಗಳನ್ನು ಅಮ್ಮ ಮಂಡ್ಯದ ಗದ್ದೆ ಬದುವಿನಲ್ಲಿ ಆರಿಸಿ, ಸೀರೆ ಅಂಗಡಿ ಚೀಲದಲ್ಲಿ ತುಂಬಿ ತಂದಿದ್ದಳು. "ಬೆಂಗಳೂರಲ್ಲಿ ಮನುಷ್ಯರಿಗೇ ಮನೆ ಸಿಗಲ್ಲ, ನಿನ್ನ ಮೀನಿಗೆ ಒಂದೊಂದಕ್ಕೆ ಒಂದೊಂದು!" ಅಂತ ನಕ್ಕಿದ್ದಳು. ನಾನು ಕುದಿಸಿ, ಸಾಲಾಗಿ ಜೋಡಿಸಿದೆ. ಬೆರಳುದ್ದವೂ ಇಲ್ಲದ ಮೀನುಗಳು ಬಾಯಲ್ಲಿ ಮರಳು ಹೊತ್ತು ಹೊತ್ತು ಹಾಕಿ, ವಾರದೊಳಗೆ ನನ್ನ ಸಾಲನ್ನೆಲ್ಲ ಕೆಡವಿ ಹಾಕಿದವು. ಎರಡು ಸಲ ಮರಳು ಮಟ್ಟ ಮಾಡಿದೆ. ಆಮೇಲೆ ಸುಮ್ಮನಾದೆ.

ಇವನ್ನು ಹಿಡಿಯಲು ಬಲೆ ದಂಡ. ಚಿಪ್ಪನ್ನೇ ಎತ್ತಿ, ಬಾಯಿ ಕೆಳಗೆ ಮಾಡಿ ಬಕೆಟ್ ಮೇಲೆ ಹಿಡಿಯಬೇಕು. ನೀರು ಸೋರಿದ ಹಾಗೆ ಮೀನು ತಾನಾಗೇ ಜಾರಿ ಬೀಳುತ್ತದೆ. ಅಲ್ಲಾಡಿಸಬಾರದು. ಹಾಗೆ ಆರು ಸಿಕ್ಕವು. ಒಂದು ಚಿಪ್ಪಿನಿಂದ ಮಾತ್ರ ಏನೂ ಬೀಳಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಇಣುಕಿದೆ. ಖಾಲಿ. ಬಕೆಟ್‌ಗೇ ಹಾಕಿ ಮರೆತೆ. ಗೆಳೆಯ ಬಂದ, ಕಾಫಿ ಕುಡಿದ, ಮೀನನ್ನೂ ಬೇರೆ ನಾಲ್ಕಾರು ಚಿಪ್ಪನ್ನೂ ತಗೊಂಡು ಹೋದ.

ಸಂಜೆ ಅಮ್ಮ ಬಕೆಟ್ ನೀರನ್ನು ಗುಲಾಬಿ ಗಿಡಕ್ಕೆ ಹಾಕಲು ಹೊರಟವಳು ನಿಂತಳು. "ಏನೋ ಇದು, ಸೊಳ್ಳೆ ಮರಿ ಆಗಿದ್ಯಲ್ಲೋ?"

ಬೆಳಿಗ್ಗೆ ಇಟ್ಟ ನೀರಲ್ಲಿ ಸಂಜೆಗೆ ಸೊಳ್ಳೆ ಮರಿಯೇ? ಬಗ್ಗಿ ನೋಡಿದೆ. ಚಿಪ್ಪಿನ ಬಾಯಲ್ಲಿ ಸಾಸಿವೆಗಿಂತ ಚೂರು ದೊಡ್ಡವು, ಕಣ್ಣೇ ಜಾಸ್ತಿ ಇರುವಂಥವು. ಏಳು ಎಣಿಸಿದೆ. ನನ್ನ ನೆರಳು ಬಿದ್ದದ್ದೇ ತಡ, ಏಳೂ ಒಳಗೆ. ಅವುಗಳ ಹಿಂದೆ ಕತ್ತಲಲ್ಲಿ ಒಂದು ದೊಡ್ಡ ಕಣ್ಣು. ತಾಯಿ ಸುರುಳಿಯ ತುದಿಗೆ ಅವಚಿಕೊಂಡು ಕೂತಿದ್ದಳು. ಟಾರ್ಚ್ ಬೆಳಕು ಆ ತಿರುವಿನವರೆಗೆ ಹೋಗಿರಲೇ ಇಲ್ಲ.

ಕೈ ನಡುಗಿತು, ಸುಳ್ಳೇಕೆ. ಚಿಪ್ಪನ್ನು ಮತ್ತೆ ಎತ್ತಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬಕೆಟ್‌ನಲ್ಲೇ ಮಗ್ ಮುಳುಗಿಸಿ, ಚಿಪ್ಪನ್ನು ಬೆರಳಿಂದ ಅದರೊಳಗೆ ಉರುಳಿಸಿ, ನೀರಿನ ಸಮೇತ ಅಕ್ವೇರಿಯಂಗೆ ಇಳಿಸಿದೆ. ಅಮ್ಮ ಬಕೆಟ್ ಹಿಡಿದೇ ನಿಂತಿದ್ದಳು. ಉಳಿದ ನೀರನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿದ ಮೇಲೇ ಗಿಡಕ್ಕೆ ಹಾಕಿದ್ದು.

ಮರುದಿನ ಬೆಳಿಗ್ಗೆ ತಾಯಿ ಚಿಪ್ಪಿನ ಸುತ್ತ ಮರಳು ತೋಡುತ್ತಿದ್ದಳು. ಅಷ್ಟರಲ್ಲಿ ಗೆಳೆಯನ ಫೋನ್. "ಒಂದು ಮೀನೂ ಕಾಣ್ತಿಲ್ಲ ಮಾರಾಯ. ಚಿಪ್ಪೆಲ್ಲ ಖಾಲಿ."

"ಯಾವುದನ್ನೂ ಮುಟ್ಟಬೇಡ" ಅಂದೆ.